ಕೂತವರ ಅಳತೆ

ಕೆಂಪಸಿದ್ದಯ್ಯನವರು ಕೂತವರೊಡನೆ ಮಾತನಾಡುವುದಿಲ್ಲ. ತಾವೇ ಯಾರ ಮನೆಗಾದರೂ ಹೋಗಲಿ, ಯಾರಾದರೂ ಅವರ ಜಗಲಿಗೆ ಬರಲಿ, ಮೊದಲ ಮಾತು, "ವಸಿ ಎದ್ದು ನಿಂತ್ಕಳಿ, ಆಮೇಲೆ ಮಾತಾಡವ" ಎಂಬುದೇ. ಎದುರಿನವರು ಏಳಲಾರದಷ್ಟು ವಯಸ್ಸಾದವರೋ, ಏಳಲೊಲ್ಲದಷ್ಟು ದೊಡ್ಡ ಮನುಷ್ಯರೋ ಆಗಿದ್ದರೆ, ಇವರು ಕತ್ತು ಬಗ್ಗಿಸಿ ಅವರ ಪಾದಗಳೊಡನೆ ಸಂಭಾಷಣೆಗೆ ತೊಡಗುತ್ತಾರೆ. ಹೀಗಾಗಿ ಕೊತ್ತತ್ತಿಯ ಅರ್ಧ ಊರನ್ನು ಅವರು ಬಲ್ಲದ್ದು ಮುಖದಿಂದಲ್ಲ. ಹಿಮ್ಮಡಿಯ ಬಿರುಕಿನಿಂದ, ಚಪ್ಪಲಿಯ ಸವೆತದಿಂದ, ಕಿರುಬೆರಳಿನ ಡೊಂಕಿನಿಂದ. ಇದನ್ನು ಸೊಕ್ಕು ಎಂದವರುಂಟು, ಸಂಕೋಚ ಎಂದವರುಂಟು. ಎರಡೂ ಅಲ್ಲ. ಅದು ಭಯ, ನಲವತ್ತು ವರ್ಷಗಳಿಂದ ಒಂದು ದಿನವೂ ರಜೆ ತೆಗೆದುಕೊಳ್ಳದ ಭಯ.

ಉಳಿದಂತೆ ಅವರು ನಾಲೆಯ ನೀರನ್ನು ನಂಬಿ ಭತ್ತ ಕಬ್ಬು ಬೆಳೆದು, ಮಗನನ್ನು ಓದಿಸಿ, ಎಪ್ಪತ್ತು ದಾಟಿದ ಒಬ್ಬ ಸಾಧಾರಣ ಒಕ್ಕಲು ಮನುಷ್ಯ. ನಡಿಗೆ ನಿಧಾನ, ಮಾತು ಕಡಿಮೆ, ಹೊತ್ತಿಗೆ ಎರಡು ಮುದ್ದೆ. ಆದರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಅವರ ಹೆಸರು ಹಬ್ಬಿದ್ದು ಬೇಸಾಯದಿಂದಲ್ಲ, ಚಟ್ಟದಿಂದ. ಈ ಸೀಮೆಯಲ್ಲಿ ಎಷ್ಟೋ ಮನೆಯವರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ಹೂವಿನ ಹಾರ ಹಾಕಿ, ಬಿದಿರಿನ ಚಟ್ಟದ ಮೇಲೆ ಕೂರಿಸಿ, ಕಡೆಯ ಸಲ ಊರು ನೋಡಿಕೊಳ್ಳಲಿ ಎಂಬಂತೆ ಬೀದಿಯಲ್ಲಿ ಸಾಗಿಸುತ್ತಾರೆ. ಜೀವ ಹೋದ ದೇಹ ತಾನಾಗಿ ಕೂರುವುದಿಲ್ಲ, ಕೂರಿಸುವುದೊಂದು ವಿದ್ಯೆ. ಕುಂಡೆಯಿಂದ ಹೆಗಲಿನ ತುದಿಯವರೆಗೆ ಬಿದಿರಿನ ದಬ್ಬೆ ಹಿಡಿದು ಅಳೆದು, ಆ ಅಳತೆಗೆ ಬೆನ್ನ ಹಿಂದೆ ಅಡ್ಡಬೊಂಬು ಕಟ್ಟಿ, ಅಲ್ಲಿಂದ ಬಟ್ಟೆಯ ಪಟ್ಟಿಯನ್ನು ಹೆಗಲ ಮೇಲಿಳಿಸಿ ಎದೆಗೆ ಬಿಗಿಯಬೇಕು. ಪಟ್ಟಿ ಹೆಗಲಿಗೆ ಸಮನಾಗಿಯೋ ತುಸು ಮೇಲಿನಿಂದಲೋ ಬಂದರೆ ದೇಹ ನೆಟ್ಟಗೆ, ಗೌರವದಿಂದ ಕೂರುತ್ತದೆ. ಎರಡು ಬೆರಳು ಕೆಳಗಿನಿಂದ ಬಂತೋ, ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ, ಹೊರುವವನ ಒಂದು ಹೆಜ್ಜೆ ತಪ್ಪಿದರೆ ಸಾಕು, ಸತ್ತವರು ಮುಂದಕ್ಕೆ ಕುಸಿದು ಬದುಕಿರುವವರ ಎದೆ ಒಡೆಯುತ್ತದೆ. ಕೆಂಪಸಿದ್ದಯ್ಯನವರು ಕೂರಿಸಿದ ಯಾರೂ ಕುಸಿದ ದಾಖಲೆಯಿಲ್ಲ.

ಈ ಕೆಲಸಕ್ಕೆಂದೇ ಅವರಿಗೊಂದು ಖಾಕಿ ಕೋಟಿದೆ. ಒಂದು ಜೇಬಿನಲ್ಲಿ ಹುರಿಹಗ್ಗದ ಸುರುಳಿ, ಇನ್ನೊಂದರಲ್ಲಿ ಚೂರಿ. ಆ ಕೋಟು ಬೀದಿಗೆ ಬಂತೆಂದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ, ಕಟ್ಟೆಯ ಮೇಲಿನ ಮುದುಕರು ಹೇಳಿಸಿಕೊಳ್ಳದೆಯೇ ಎದ್ದು ನಿಲ್ಲುತ್ತಾರೆ. ಇದು ಅವರಿಗೂ ಗೊತ್ತು. ಆದ್ದರಿಂದಲೇ ಧನುರ್ಮಾಸದ ಚಳಿಯಲ್ಲಿ ಹಲ್ಲು ಕಟಕಟಿಸಿದರೂ ಕೋಟಿನ ಕಡೆ ಕೈ ಚಾಚದೆ, ಹೆಂಡತಿ ಇಂದ್ರಮ್ಮನ ಹಳೆಯ ರಗ್ಗನ್ನೇ ಹೊದ್ದು ಹಾಲು ಹಾಕಲು ಡೈರಿಗೆ ಹೋಗುತ್ತಾರೆ.

ಭಯ ಹುಟ್ಟಿದ್ದು ಟೀ ಅಂಗಡಿಯ ಬೆಂಚಿನ ಮುಂದೆ. ಗೆಳೆಯ ಕೆಂಪಯ್ಯ ಅಲ್ಲಿ ಕೂತು ಯಾರ ಮೇಲೋ ರೇಗುತ್ತಿದ್ದ. ಇವರು ಎದುರಿಗೆ ನಿಂತು ಹೂಂಗುಟ್ಟುತ್ತಿರುವಾಗ, ಇವರ ಕಣ್ಣು ಇವರನ್ನು ಕೇಳದೆ ಬೆಂಚಿನಿಂದ ಕೆಂಪಯ್ಯನ ಹೆಗಲಿಗೆ ಏರಿಬಿಟ್ಟಿತು: ಎರಡೂವರೆ ಗೇಣು, ಮೇಲೊಂದು ಬೆರಳು. ಅದೇ ತಿಂಗಳು ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಕೆಂಪಯ್ಯ ಸತ್ತ. ದಬ್ಬೆ ಹಿಡಿಯದೆ ಕಟ್ಟಿದ ಅಡ್ಡಬೊಂಬು ಅವನ ಹೆಗಲಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಕಾಕತಾಳೀಯ ಎಂದು ನೀವು ಹೇಳಬಹುದು, ಹೇಳಿ ನಿಶ್ಚಿಂತೆಯಿಂದ ಊಟಕ್ಕೆ ಏಳಬಹುದು; ಅವರಿಗೆ ಆ ಸೌಕರ್ಯವಿರಲಿಲ್ಲ. ಇಂದ್ರಮ್ಮನಿಗೆ ಮಾತ್ರ ಹೇಳಿದರು. ಒಲೆಯ ಮುಂದೆ ಕೂತು ಕೇಳುತ್ತಿದ್ದ ಇಂದ್ರಮ್ಮ, ಗಂಡನ ಮಾತು ಮುಗಿಯುವ ಮೊದಲೇ ಎದ್ದು ನಿಂತರು. ಅಂದಿನಿಂದ ಆ ಮನೆಯಲ್ಲಿ ಗಂಡಹೆಂಡಿರು ಎದುರುಬದುರು ಕೂತು ಉಂಡದ್ದಿಲ್ಲ.

ಮೊಮ್ಮಗಳು ಆಶ್ರಿತಾ ಹುಟ್ಟಿದ ಮೇಲೆ ಈ ಭಯಕ್ಕೆ ಹೊಸ ಹಲ್ಲು ಬಂತು. ಅವಳು ಓಡುತ್ತಿದ್ದರೆ ಹಿಂದೆ ಓಡುವರು, ಬೆನ್ನಿಗೇರಿದರೆ ಕುದುರೆಯಾಗುವರು. ಮಗು ಕೂತಿತೆಂದರೆ ಮಾತ್ರ ಏನೋ ನೆನಪಾದವರಂತೆ ಕೊಟ್ಟಿಗೆಗೆ ನಡೆದುಬಿಡುವರು. ಮಕ್ಕಳಿಗೆ ಚಟ್ಟ ಕಟ್ಟುವುದಿಲ್ಲ, ಕೈಯಲ್ಲೇ ಒಯ್ಯುತ್ತಾರೆ. ಆದ್ದರಿಂದ ಯಾವ ಮಗುವಿನ ಅಳತೆಯೂ ತನ್ನ ಕಣ್ಣಿಗೆ ಇನ್ನೂ ತಗುಲಿಲ್ಲ ಎಂಬುದೊಂದೇ ಅವರ ಪಾಲಿನ ನೆಮ್ಮದಿ.

ಮಗ ಶಿವರಾಜು ಮದ್ದೂರಿನಲ್ಲಿ ಕೆಲಸಕ್ಕಿದ್ದಾನೆ, ಹೊತ್ತು ಮೂಡುವ ಮುಂಚೆ ಬಸ್ಸು ಹಿಡಿದು ಹೋಗುತ್ತಾನೆ. ಸೊಸೆ ರಂಜಿತ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸು. ನಾಲ್ಕು ವರ್ಷದ ಮಗಳನ್ನು ಚಿಕ್ಕ ಕಾರಿನಲ್ಲಿ ಕೂರಿಸಿಕೊಂಡು, ಶಾಲೆಗೆ ಬಿಟ್ಟು, ಡ್ಯೂಟಿಗೆ ಹೋಗುವುದು ಅವಳ ದಿನಚರಿ. ದಾರಿ ನಾಲೆಯ ಏರಿಯ ಮೇಲೆ. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ಕಬ್ಬಿನ ಲೋಡು ತುಂಬಿದ ಟ್ರ್ಯಾಕ್ಟರುಗಳು. ಆಸ್ಪತ್ರೆಯಲ್ಲಿ ದಿನಾ ಒಂದಲ್ಲ ಒಂದು ಅಪಘಾತ ನೋಡುವವಳು, ಸುಮ್ಮನಿರಲಾರದೆ ಮಕ್ಕಳ ಕಾರ್ ಸೀಟೊಂದನ್ನು ತರಿಸಿದಳು. ಜೊತೆಗೆ ಬಂದ ಕಾಗದದಲ್ಲಿ ಎತ್ತರಕ್ಕೆ ತಕ್ಕಂತೆ ಪಟ್ಟಿ ಹೊಂದಿಸಿ ಎಂದಿತ್ತು. ರಂಜಿತ ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದು ಅಳೆದು, ಸೀಟಿನ ಬೆನ್ನಿನಲ್ಲಿ ಒಂದರ ಮೇಲೊಂದಿದ್ದ ಕಿಂಡಿಗಳಲ್ಲಿ ಆ ಎತ್ತರದ ಮಗುವಿಗೆ ಹೇಳಿದ್ದರೊಳಗೆ ಹೆಗಲಪಟ್ಟಿ ತೂರಿಸಿದಳು. ತಪ್ಪು ನಡೆದದ್ದು ಅಲ್ಲೇ. ಕಾರಿನಲ್ಲಿ ಮಗು ನಿಲ್ಲುವುದಿಲ್ಲ, ಕೂರುತ್ತದೆ. ಅಳೆಯಬೇಕಾದದ್ದು ಕೂತಾಗಿನ ಮೈಯನ್ನು, ಕುಂಡೆಯಿಂದ ಹೆಗಲಿನವರೆಗೆ. ಅದೂ ಅಲ್ಲದೆ ಕೆಂಪಸಿದ್ದಯ್ಯನವರ ವಂಶದವರದು ಗಿಡ್ಡ ಕಾಲು, ಉದ್ದ ಮೈ. ನಿಂತರೆ ಸಾಧಾರಣ, ಕೂತರೆ ಎತ್ತರ.

ಸೀಟನ್ನು ಜಗಲಿಯ ಮೇಲಿಟ್ಟು, ಮಗುವನ್ನು ಕೂರಿಸಿ, ಪಟ್ಟಿ ಬಿಗಿದು ರಂಜಿತ ಚೆಂದ ನೋಡುತ್ತಿದ್ದ ಹೊತ್ತಿಗೆ ಕೊಟ್ಟಿಗೆಯಿಂದ ತಾತ ಬಂದರು. "ತಾತಾ, ನೋಡು" ಎಂದು ಕೂಗಿದ್ದೇ ತಡ, ತಲೆ ಎತ್ತಿಬಿಟ್ಟರು. ನಲವತ್ತು ವರ್ಷ ಕಟ್ಟಿಹಾಕಿದ್ದ ಕಣ್ಣು ಒಂದೇ ನೆಗೆತಕ್ಕೆ ಏರಿತು: ಒಂದು ಗೇಣು, ಎಂಟು ಬೆರಳು. ಪಟ್ಟಿ ಹೊರಡುವ ಕಿಂಡಿ ಎರಡು ಬೆರಳು ಕೆಳಗೆ. ಬೆನ್ನಿಗೆ ಆಸರೆ, ಹೆಗಲಿಗೆ ಪಟ್ಟಿ, ಎದೆಗೆ ಗಂಟು, ನೆಟ್ಟಗೆ ಕೂತ ಪುಟ್ಟ ಮೈ. ಇಂಥ ಕಟ್ಟನ್ನು ಅವರು ಅದೆಷ್ಟು ಅಂಗಳಗಳಲ್ಲಿ ಕಟ್ಟಿರಲಿಲ್ಲ! ಬಂದ ದಾರಿಯಲ್ಲೇ ತಿರುಗಿ ಕೊಟ್ಟಿಗೆಗೆ ಹೋದವರು ಎಮ್ಮೆಯ ಬೆನ್ನ ಮೇಲೆ ಎರಡೂ ಕೈಯೂರಿ ನಿಂತುಕೊಂಡರು. ಅಂದು ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಆಮೇಲಿನ ಮೂರು ದಿನ ಅವರು ಪಟ್ಟ ಪಾಡು ಪಾಡಲ್ಲ. ಹೇಳಿದರೆ ಅಳೆದದ್ದನ್ನು ಒಪ್ಪಿಕೊಂಡಂತೆ. ಬಾಯಿಂದ ಬಂದ ಅಳತೆ ಕಣ್ಣಿನಲ್ಲಿದ್ದ ಅಳತೆಗಿಂತ ಗಟ್ಟಿಯೆಂಬುದು ಅವರ ನಂಬಿಕೆ. ಹೇಳದಿದ್ದರೆ, ಬೆಳಗಾದರೆ ಕಾರು ಏರಿಯ ಮೇಲೆ ಹೋಗುತ್ತದೆ, ಪಟ್ಟಿ ಕೆಳಗೇ ಇರುತ್ತದೆ, ಯಾವನೋ ಒಬ್ಬ ಅಡ್ಡ ಬಂದರೆ ಮಗುವಿನ ಹೆಗಲು ಕೆಳಕ್ಕೆ ಜಗ್ಗುತ್ತದೆ, ಕತ್ತು ಮುಂದಕ್ಕೆ. ಅದರ ಮುಂದಿನದನ್ನು ಯೋಚಿಸಲೊಲ್ಲದೆ ಅವರು ಎದ್ದು ಎಮ್ಮೆಗೆ ಹುಲ್ಲು ಹಾಕುವರು. ಬೆಳಗಿನ ಹೊತ್ತು ಸೊಸೆಯನ್ನು ಬಾಗಿಲಲ್ಲಿ ತಡೆದು, "ಇವತ್ತು ಬಸ್ಸಲ್ಲಿ ಓಗ್ರವ್ವ" ಎನ್ನುವರು. ಯಾಕೆ ಎಂದರೆ ಕೊಟ್ಟಿಗೆಯ ಕಡೆ ನಡೆಯುವರು. ರಂಜಿತ ಮಾವನಿಗೆ ವಯಸ್ಸಾಯಿತೆಂದುಕೊಂಡು ಕಾರು ಹತ್ತುವಳು.

ನಾಲ್ಕನೆಯ ದಿನ ಮಧ್ಯಾಹ್ನ ಕಾರು ಮಾಮೂಲಿಗಿಂತ ಮುಂಚೆ ಬಂತು. ರಂಜಿತ ಇಳಿದವಳು ಮಗಳನ್ನು ಎತ್ತಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಏರಿಯ ತಿರುವಿನಲ್ಲಿ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರು ಹಠಾತ್ತನೆ ನಿಂತಿತ್ತು, ಇವಳು ಬ್ರೇಕು ತುಳಿದಿದ್ದಳು, ಕಾರು ನಾಲೆಯಿಂದ ಒಂದು ಮಾರು ಈಚೆಗೆ ನಿಂತಿತ್ತು. ಮಗುವಿಗೆ ಪೆಟ್ಟೇನೂ ಆಗಿರಲಿಲ್ಲ, ಎರಡು ಹೆಗಲ ಮೇಲೂ ಕೆಂಪು ಗೆರೆ ಮಾತ್ರ.

"ಎಲ್ಲಾ ಸರಿಯಾಗೇ ಅಳ್ದಿದ್ದೆ ಮಾವ," ಎಂದಳು. "ಆದ್ರೂ ಮಗು ಮುಂದುಕ್ಕೆ ಬಗ್ಗೋಯ್ತು. ಗಲ್ಲ ಎದೆಗೆ ತಾಗೋಯ್ತು."

ಕೆಂಪಸಿದ್ದಯ್ಯನವರು ಅವಳ ಪಾದ ನೋಡುತ್ತಾ ನಿಂತಿದ್ದರು. ಆ ಪಾದಗಳಿಗೇ ಹೇಳಿದರು: "ಪಟ್ಟಿ ಎರಡು ಬೆಳ್ಳು ಕೆಳಗದೆ ಕಣವ್ವ."

ಬಾಗಿಲಲ್ಲಿ ನಿಂತಿದ್ದ ಇಂದ್ರಮ್ಮನಿಗೆ ಅರ್ಥವಾಗಲು ಕ್ಷಣ ಹಿಡಿಯಲಿಲ್ಲ. "ಅಳ್ದುಬುಟ್ಯಾ?" ಎಂದರು, ಸಣ್ಣ ದನಿಯಲ್ಲಿ.

"ಕಣ್ಣು ಓಗ್ಬುಡ್ತು."

ಇಂದ್ರಮ್ಮ ಸೊಸೆಯ ಮಡಿಲಿನಿಂದ ಮಗುವನ್ನು ಕಿತ್ತುಕೊಂಡು ಸೆರಗಿನೊಳಗೆ ಮುಚ್ಚಿಕೊಂಡರು. ರಂಜಿತ ಓದಿದವಳು, ಕಣ್ಣಿನ ದೋಷ ಕಾಲಿನ ದೋಷ ಎಂಬುದನ್ನೆಲ್ಲ ನಂಬುವವಳಲ್ಲ. ಆದರೂ ಈ ಮನೆಗೆ ಬಂದು ಆರು ವರ್ಷವಾಗಿತ್ತು, ಆ ಕೋಟನ್ನು ಕಂಡಿದ್ದಳು, ಊರು ಎದ್ದು ನಿಲ್ಲುವುದನ್ನೂ ಕಂಡಿದ್ದಳು. ಅವಳ ಕೈಯೂ ಮಗುವಿನತ್ತ ಚಾಚಿತು. ಆದರೆ ಏರಿಯ ತಿರುವಿನಲ್ಲಿ ತಾನು ಕಂಡದ್ದು ಇದಕ್ಕಿಂತ ಹತ್ತಿರದ್ದು.

"ಕಣ್ಣಳತೆ ಸಾಲ್ದು," ಎಂದಳು. "ಕೈಲಿ ಅಳೀರಿ ಮಾವ."

"ಬ್ಯಾಡ ಕಣವ್ವ. ನನ್ ಕೈ ಅಂತಾದ್ದಲ್ಲ."

"ನಾಳೆನೂ ಅದೇ ದಾರೀಲಿ ಹೋಗ್ಬೇಕು. ಕೂತಿರೋರ ಹೆಗಲು ನಿಮ್ಗೆ ಗೊತ್ತಿರೋವಷ್ಟು ನಂಗೊತ್ತಿಲ್ಲ."

ನಡುಮನೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿಸಿ, ಮಗುವನ್ನು ಕೂರಿಸಿದ್ದು ರಂಜಿತಳೇ. ಕೆಂಪಸಿದ್ದಯ್ಯನವರು ಮುಂದೆ ಮಂಡಿಯೂರಿದರು. ದಬ್ಬೆ ಬೇಡವೆಂದರು, ಟೇಪೂ ಬೇಡವೆಂದರು. ಹೆಬ್ಬೆರಳನ್ನು ನೆಲಕ್ಕೂರಿ ಗೇಣು ಹರಡಿದ್ದೇ ತಡ ಮಗು ಕಿಸಕ್ಕನೆ ನಕ್ಕು ಪಕ್ಕಕ್ಕೆ ಜಾರಿತು, ಅದಕ್ಕೆ ಕಚಗುಳಿ. ಮತ್ತೆ ಕೂರಿಸಿದರು, ಮತ್ತೆ ಜಾರಿತು. ಮೂರು ಸಲಕ್ಕೆ ಮೂರು ಅಳತೆ ಬಂತು. ಮದ್ದೂರು ಮಳವಳ್ಳಿಗೆಲ್ಲ ಹೆಸರಾದ ಆ ಕೈಗೆ ಒಂದು ಮಗುವಿನ ಹೆಗಲು ಸಿಗಲಿಲ್ಲ.

"ನೆಟ್ಟಗೆ ಕುಂತ್ಕಾ ಕೂಸೆ, ಅಲ್ಲಾಡ್ಬ್ಯಾಡ," ಎಂದರು ಇಂದ್ರಮ್ಮ.

ಕೆಂಪಸಿದ್ದಯ್ಯನವರು ಹೆಂಡತಿಯತ್ತ ತಿರುಗಿ, ಅಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತದ ದನಿ ಎತ್ತಿದರು: "ಅಂಗನ್ಬ್ಯಾಡ. ಅಲ್ಲಾಡ್ಲಿ ಬುಡು."

ಮಗು ನಕ್ಕು ನಕ್ಕು ಸುಸ್ತಾಗುವವರೆಗೆ ಕಾದರು. ಅದು ಏದುಸಿರು ಬಿಡುತ್ತಾ ಗೋಡೆಗೊರಗಿದಾಗ ಅಂಗೈಯನ್ನು ಮೆಲ್ಲಗೆ ಹೆಗಲ ಮೇಲಿಟ್ಟರು. ಹೆಗಲು ಬೆಚ್ಚಗಿತ್ತು. ಉಸಿರಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಹೆಗಲಿಗೆ ಇಂಥದ್ದೊಂದು ಏರಿಳಿತವಿದೆಯೆಂಬುದು ಆ ಕೈಗೆ ಗೊತ್ತೇ ಇರಲಿಲ್ಲ. ಏರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕೋ ಇಳಿದದ್ದನ್ನೋ ಎಂದು ಗೊಂದಲಗೊಂಡು, ಕೊನೆಗೆ ಏರಿದ್ದನ್ನೇ ಹಿಡಿದರು. ಪಟ್ಟಿಯನ್ನು ಮೇಲಿನ ಕಿಂಡಿಗೆ ತಾವೇ ತೂರಿಸಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿ, ಹಿತ್ತಲಿಗೆ ಹೋಗಿ ಅತ್ತರು.

ಮಾರನೆಯ ಬೆಳಗ್ಗೆ, ತಲುಪಿದೊಡನೆ ಫೋನು ಮಾಡುತ್ತೇನೆಂದು ಹೇಳಿ ರಂಜಿತ ಹೊರಟಳು. ಮಂಡ್ಯಕ್ಕೆ ಎಷ್ಟೆಂದರೂ ಅರ್ಧ ಗಂಟೆ. ಅವರು ಫೋನನ್ನು ಕೈಯಲ್ಲಿ ಹಿಡಿದು ಬೀದಿ ಬಾಗಿಲಲ್ಲಿ ನಿಂತರು. ಒಂಬತ್ತಾಯಿತು, ಹತ್ತಾಯಿತು. ಬಿಸಿಲು ಚುರುಕಾಯಿತು, ಡೈರಿಯ ಕ್ಯಾನು ಬಾಗಿಲಲ್ಲೇ ಉಳಿಯಿತು. ಹಾದಿಹೋಕರು ಮಾತನಾಡಿಸಿದರೆ ಅವರ ಕಾಲನ್ನೂ ನೋಡಲಿಲ್ಲ. ಹನ್ನೊಂದು ಹೊಡೆದ ಮೇಲೆ ಫೋನು ಬಡಿದುಕೊಂಡಿತು. "ವಾರ್ಡಲ್ಲಿ ರಶ್ಶು ಮಾವ, ಮರ್ತೇಹೋಯ್ತು" ಎಂದಳು ರಂಜಿತ. "ಆಯ್ತು ಬುಡವ್ವ" ಎಂದಷ್ಟೇ ಹೇಳಿ, ನಿಂತಲ್ಲೇ ಕುಕ್ಕರಿಸಿದರು.

ಏಳೆಂಟು ತಿಂಗಳ ಮೇಲೆ ಸೊಸೆಯೇ ಕರೆದು ಇನ್ನೊಮ್ಮೆ ಅಳೆಯಿಸಿದಳು. ಒಂದು ಬೆರಳು ಹೆಚ್ಚಿತ್ತು. ಅವರು ಹಿಡಿದ ಅಳತೆಯೊಂದು ಸುಳ್ಳಾದದ್ದು ಅದೇ ಮೊದಲು. "ಒಂದ್ ಬೆಳ್ಳು ಏರವ್ಳೆ" ಎಂದು ಇಂದ್ರಮ್ಮನಿಗೆ ಪಿಸುಗುಟ್ಟಿದರಂತೆ, ಯಾರಾದರೂ ಕೇಳಿಸಿಕೊಂಡಾರು ಎಂಬ ಹೆದರಿಕೆಯಲ್ಲಿ.

ಭಯ ಹೋಗಿದೆಯೇ ಎಂದು ಕೇಳಬೇಡಿ, ಹೋಗಿಲ್ಲ. ಸಾವನ್ನು ಹತ್ತಿರದಿಂದ ಕಂಡವರಿಗೆ ಎದೆ ಗಟ್ಟಿಯಾಗುತ್ತದೆಂದು ನಾವು ತಿಳಿದಿದ್ದೇವೆ. ಅವರಲ್ಲಿ ಗಟ್ಟಿಯಾಗುವುದು ಕೈ ಮಾತ್ರ, ಎದೆ ದಿನದಿಂದ ದಿನಕ್ಕೆ ಮೆತ್ತಗಾಗುತ್ತಾ ಹೋಗುತ್ತದೆ. ಊರಿಗೊಬ್ಬರು ಇಂಥವರಿದ್ದಾರೆ. ಕೆಟ್ಟ ಗಳಿಗೆಯಲ್ಲಿ ಹುಡುಕಿಕೊಂಡು ಹೋಗುತ್ತೇವೆ, ಉಳಿದ ದಿನ ಎದುರಾದರೆ ದಾರಿ ಬದಲಿಸುತ್ತೇವೆ. ನಾವು ಲೆಕ್ಕಿಸದ ಎರಡು ಬೆರಳಿನ ತಪ್ಪು ಅವರ ಕಣ್ಣಿಗೆ ಬೀಳುತ್ತದೆ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಅವರು ತೆತ್ತದ್ದೇನೆಂದು ನಮಗೆ ಗೊತ್ತಾಗುವುದಿಲ್ಲ. ನಮ್ಮ ಪಾಲಿನ ಭಯವನ್ನೂ ಅವರೇ ಪಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ನಾವು ಕ್ಷೇಮವಾಗಿ ತಲುಪುತ್ತೇವೆ, ತಲುಪಿದೆವೆಂದು ಹೇಳುವುದನ್ನು ಮರೆಯುತ್ತೇವೆ.