ಪಿಸುಗುಟ್ಟಲು ಬಾರದ ಸೈತಾನ

ದೋನ್ ಎವಾರಿಸ್ತೊ ಅವರಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅಂಥ ಕಂಠವನ್ನು ಕೊಟ್ಟ ದೇವರು ಅದನ್ನು ತಗ್ಗಿಸುವ ಉಪಾಯವನ್ನು ಮಾತ್ರ ಕೊಡಲು ಮರೆತಿದ್ದನೇನೋ. ಪಾಪನಿವೇದನೆಗೆಂದು ಮೊಣಕಾಲೂರಿದರೆ ಅವರ ಪಾಪಗಳೆಲ್ಲ, ಹೆಂಡತಿಯ ಮೇಲೆ ರೇಗಿದ್ದು, ಪಕ್ಕದ ಮನೆಯ ಹುಂಜವನ್ನು ಶಪಿಸಿದ್ದು, ಉಪವಾಸದ ಶುಕ್ರವಾರ ಹಂದಿಮಾಂಸ ತಿಂದದ್ದು, ಚರ್ಚಿನ ಕೊನೆಯ ಬೆಂಚಿನವರೆಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಅಲ್ಲಿ ಕುಳಿತ ಹೆಂಗಸರು ಜಪಸರ ಹಿಡಿದು ಪರಮಭಕ್ತಿಯಿಂದ ಆಲಿಸುತ್ತಿದ್ದರು. ಅವರ ಹೆಂಡತಿ ದೋನ್ಯಾ ಸೊಲೆದಾದ್ ಮಾತ್ರ ಅಂಥ ದಿನ ತಲೆನೋವೆಂದು ಮನೆಯಲ್ಲೇ ಉಳಿದುಬಿಡುತ್ತಿದ್ದರು.

ಕಸುಬಿನಿಂದ ಅವರು ಮೇಣದ ಬತ್ತಿ ಮಾಡುವವರು. ಮಿಚೊಆಕಾನ್ ಬೆಟ್ಟಗಳ ನಡುವಿನ ನಮ್ಮ ಸಾನ್ ಮಾತೆಯೊ ಊರಿನ ಬಲಿಪೀಠದ ಮೇಲೆ ಉರಿಯುವ ಬತ್ತಿಯೆಲ್ಲ ಅವರ ಕೈಯದೇ. ಕಾದ ಮೇಣದ ಕಡಾಯಿ ಎಂದೋ ಎಡಗಾಲಿನ ಮೇಲೆ ಮಗುಚಿದ್ದರಿಂದ ಆ ಕಾಲನ್ನು ತುಸು ಎಳೆದು ಹಾಕುವ, ಆದರೂ ಎದೆಯನ್ನು ಎಂದೂ ಬಾಗಿಸದ ಅವರ ನಡಿಗೆಯನ್ನು ಕಂಡರೆ ಸಂತೆಯ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಕ್ರಿಸ್ಮಸ್ಸಿನಿಂದ ಫೆಬ್ರವರಿಯ ಬತ್ತಿಹಬ್ಬದವರೆಗೆ ಭಾನುವಾರ ಭಾನುವಾರ ಚರ್ಚಿನ ಅಂಗಳದಲ್ಲಿ ನಡೆಯುವ ಕುರುಬರ ನಾಟಕದಲ್ಲಿ ಸೈತಾನನೂ ಅವರೇ. ಬಾಲಯೇಸುವನ್ನು ಕಾಣಲು ಹೊರಟ ಕುರುಬರನ್ನು ಸೈತಾನ ದಾರಿ ತಪ್ಪಿಸಲು ನೋಡುವುದು, ಸಂತ ಮಿಗೆಲ್ ದೂತ ಕತ್ತಿ ಹಿಡಿದು ಬಂದು ಅವನನ್ನು ಕೆಡವುವುದು, ಇಷ್ಟೇ ಕಥೆ. ನನ್ನದು ಸೋಮಾರಿ ಕುರುಬನ ಪಾತ್ರ. ಬಾಲಯೇಸುವನ್ನು ಮಲಗಿಸಿದ ಗೋದಲಿಯ ಪಕ್ಕ ಕಂಬಳಿ ಹೊದ್ದು ಬಿದ್ದಿರುವುದೇ ಕೆಲಸವಾದ್ದರಿಂದ ದೋನ್ ಎವಾರಿಸ್ತೊ ಅವರ ಮುಖವನ್ನು ಹತ್ತಿರದಿಂದ ನೋಡುವ ಭಾಗ್ಯ ನನಗಿತ್ತು.

ಸುತ್ತಲಿನ ಊರುಗಳ ಸೈತಾನರಿಗೆಲ್ಲ ಕೊಂಬು, ಬಾಲ, ಹಲ್ಲು ಕಿರಿಯುವ ಮರದ ಮುಖವಾಡ. ನಮ್ಮ ಸೈತಾನನಿಗೆ ಎಣ್ಣೆ ಹಚ್ಚಿ ಬಾಚಿದ ಬೆಳ್ಳಿಕೂದಲು, ಹೊಳೆಯುವ ಬೂಟು, ಕಪ್ಪು ಮಖಮಲ್ಲಿನ ನಿಲುವಂಗಿ. ಆ ನಿಲುವಂಗಿಯ ಒಳಮೈಗೆ ಬಿಳಿ ರೇಷ್ಮೆ ಹೊಲಿಸಿದ್ದರು, ಅದೂ ದೋನ್ಯಾ ಸೊಲೆದಾದರ ಮದುವೆಯ ಉಡುಪನ್ನು ಕತ್ತರಿಸಿ.

"ಒಳಗಡೆ ಹೊಲಿದ್ರೆ ಯಾರಿಗ್ರೀ ಕಾಣತ್ತೆ? ನನ್ನ ಮದುವೆ ಬಟ್ಟೆ ಹಾಳ್ಮಾಡಿದ್ರಿ!" ಎಂದು ಆಕೆ ವರ್ಷ ವರ್ಷವೂ ಜಗಳ ತೆಗೆಯುತ್ತಿದ್ದರು.

"ಕಾಣೋದು ಬೇಡ ಸೊಲೆ. ಅವನು ಮೊದಲು ಏನಾಗಿದ್ದ ಅಂತ ನನಗೆ ನೆನಪಿದ್ರೆ ಸಾಕು" ಎನ್ನುವುದು ಅವರ ಉತ್ತರ.

ಈ ವಿಷಯದಲ್ಲಿ ಅವರದು ರಾಜಿಯಿಲ್ಲದ ಸಿದ್ಧಾಂತ. ಸಕಲವನ್ನೂ ಒಳ್ಳೆಯದಾಗಿಯೇ ಸೃಷ್ಟಿಸಿದ ದೇವರು ಸೈತಾನನನ್ನೇಕೆ ಸೃಷ್ಟಿಸಿದ ಎಂದು ಯಾರಾದರೂ ಕೇಳಿದರೆ ಕೈಯಲ್ಲಿದ್ದ ಬತ್ತಿಯನ್ನು ಮೇಣಕ್ಕೆ ಅದ್ದುವುದನ್ನೂ ನಿಲ್ಲಿಸಿಬಿಡುತ್ತಿದ್ದರು. "ದೇವರು ಮಾಡಿದ್ದು ಒಬ್ಬ ಚೆಂದದ ದೂತನ್ನ ಕಣಯ್ಯಾ. ಎಲ್ಲರಿಗಿಂತ ಚೆಂದ, ಎಲ್ಲರಿಗಿಂತ ಬೆಳಕು. ಸೈತಾನನ್ನ ಮಾಡಿಕೊಂಡಿದ್ದು ಅವನೇ. ನಾನ್ಯಾಕೆ ಬಗ್ಗಬೇಕು ಅಂದ, ಅಷ್ಟೇ." ಎದುರು ಅಂಗಡಿಯ ಕ್ಷೌರಿಕ ಫಿಲೆಮೊನ್, ಬಹುಕಾಲದಿಂದ ಆ ಪಾತ್ರದ ಮೇಲೆ ಕಣ್ಣಿಟ್ಟವನು, "ಹಾಗಾದ್ರೆ ಸೈತಾನನಿಗೆ ದೇವರ ಮೇಲೆ ನಂಬಿಕೆನೇ ಇಲ್ಲ ಅನ್ನಿ" ಎಂದು ಕೆಣಕುತ್ತಿದ್ದ. ದೋನ್ ಎವಾರಿಸ್ತೊ ತಿರುಗಿ ಗದರುತ್ತಿದ್ದರು: "ಅವನಷ್ಟು ನಂಬಿದೋನು ನಿನ್ನ ವಂಶದಲ್ಲೇ ಇಲ್ಲ ಹೋಗೋ! ನಂಬಿ ನಡುಗ್ತಾನೆ. ಕೈ ಮಾತ್ರ ಮುಗಿಯಲ್ಲ."

ನಮ್ಮೂರಿನಲ್ಲಿ ಸೈತಾನನ ಪಾತ್ರ ಹೊತ್ತವನು ತಾಲೀಮು ಆರಂಭವಾದಂದಿನಿಂದ ಬತ್ತಿಹಬ್ಬದವರೆಗೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ, ಗೋದಲಿಯ ಬಾಲಯೇಸುವನ್ನು ಮುಟ್ಟುವಂತಿಲ್ಲ. ಕಡೆಯ ಆಟ ಮುಗಿದ ಮೇಲೆ ನಿಲುವಂಗಿಯನ್ನು ಚರ್ಚಿನ ಹೊಸ್ತಿಲಲ್ಲಿ ಕಳಚಿ, ಪಾಪನಿವೇದನೆ ಮಾಡಿ, ಊರಿಗೆಲ್ಲ ಮೊದಲಿಗನಾಗಿ ಆ ಮಗುವಿನ ಪಾದಕ್ಕೆ ಮುತ್ತಿಡುತ್ತಾನೆ. ಆ ಮೊದಲ ಮುತ್ತಿಗೆ ಹೋಗುವಾಗ ದೋನ್ ಎವಾರಿಸ್ತೊ ಅವರ ಎದೆ ಇನ್ನೂ ಒಂದು ಗೇಣು ಮುಂದೆ ಬಂದಿರುತ್ತಿತ್ತು. ಆಗ ಅವರು ಸ್ವಲ್ಪ ಹೆಚ್ಚೇ ಚೆನ್ನಾಗಿ ಕಾಣುತ್ತಿದ್ದರೆಂದು ನನಗೆ ಅನ್ನಿಸುತ್ತಿತ್ತು.

ಹೊಸದಾಗಿ ಬಂದ ಪಾದ್ರಿ ಅನ್ಸೆಲ್ಮೊ ಅವರಿಗೆ ಆಟ ನೋಡುವಾಗಲೇ ಹಾಗನ್ನಿಸಿತು. ತರುಣ, ಸಾಧು ಮನುಷ್ಯ, ನೇರ ಮಾತು. ನಾಟಕದಲ್ಲಿ ಮಿಗೆಲ್ ದೂತ "ದೇವರಿಗೆ ಸಮ ಯಾರು?" ಎಂದೊಡನೆ ಸೈತಾನ ಬೀಳಬೇಕು, ದೋನ್ ಎವಾರಿಸ್ತೊ ಬೀಳುತ್ತಿರಲಿಲ್ಲ. ತತ್ತರಿಸುವರು, ಏಳುವರು, ಇನ್ನೊಂದು ಮಾತಾಡುವರು, ಮತ್ತೆ ವಾಲುವರು, ಊರಿಗೆ ಊರೇ ಚಪ್ಪಾಳೆ ಹೊಡೆಯುವುದು. ಕಡೆಯ ಆಟದ ಹಿಂದಿನ ವಾರ ಪಾದ್ರಿಗಳು ಮೇಣದ ಕೊಟ್ಟಿಗೆಗೆ ಬಂದರು. ಬತ್ತಿ ಕೊಳ್ಳಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ದೋನ್ ಎವಾರಿಸ್ತೊ, ಜನ ಸೈತಾನನಿಗೆ ಶಿಳ್ಳೆ ಹೊಡೀತಾರೆ, ಬಾಲಯೇಸು ಬಂದಾಗ ಆಕಳಿಸ್ತಾರೆ. ನೀವು ಮಾಡೋ ಪಾತ್ರದ ಕಾಯಿಲೆ ನಿಮಗೇ ಅಂಟಿಕೊಂಡಿದೆ. ಈ ಸಲ ಮಾತು ಬಂದ ತಕ್ಷಣ ಬೀಳಿ. ಇಲ್ಲದಿದ್ರೆ ಮುಂದಿನ ವರ್ಷ ಫಿಲೆಮೊನ್ ಮಾಡಲಿ."

ಮುದುಕರ ಮುಖ ಮೇಣದಂತೆಯೇ ಬಿಳುಪೇರಿತು. "ಬೀಳ್ತೀನಿ ಸ್ವಾಮಿ" ಎಂದರು. "ಆದ್ರೆ ಆ ಮಾತು ಬರಬೇಕು. ಮಾತಿಲ್ಲದೆ ಬರೀ ಹಲಗೆ ಕತ್ತಿಗೆ ಸೈತಾನ ಬೀಳಲ್ಲ."

"ಆ ಮಾತನ್ನ ಅವನೇ ಒಪ್ಪಿಕೊಂಡಿದ್ರೆ ಬೀಳೋದೇ ಬೇಕಿರಲಿಲ್ಲ" ಎಂದರು ಪಾದ್ರಿಗಳು ನಗುತ್ತ.

"ಅದು ಅವನ ಬಾಯಲ್ಲಿ ಬರಲ್ಲ ಸ್ವಾಮಿ. ಬಂದ ದಿನ ಅವನು ಸೈತಾನನಾಗಿ ಉಳಿಯಲ್ಲ."

ಬತ್ತಿಹಬ್ಬದ ಮಧ್ಯಾಹ್ನ ಅಂಗಳ ತುಂಬಿತ್ತು. ಇದೇ ತನ್ನ ಕಡೆಯ ಆಟವಾದೀತು ಎಂಬ ಅಳುಕಿಗೋ, ಕಡೆಯದಾದರೆ ಹೀಗಿರಲಿ ಎಂಬ ಹಟಕ್ಕೋ, ದೋನ್ ಎವಾರಿಸ್ತೊ ಅಂದು ಆಡಿದಂತೆ ಎಂದೂ ಆಡಿರಲಿಲ್ಲ. "ಬೆಳಕೆಂದರೆ ನಾನೇ ಎಂದಿದ್ದ ಕಾಲವೊಂದಿತ್ತು, ಇಂದು ನನ್ನ ನೆರಳಿಗೂ ನಾನು ಬೇಡ" ಎನ್ನುತ್ತ ಅವರು ನಿಲುವಂಗಿಯ ಅಂಚನ್ನು ಮೊಟ್ಟಮೊದಲ ಬಾರಿಗೆ ತೆರೆದು ಒಳಗಿನ ಬಿಳಿ ರೇಷ್ಮೆಯನ್ನು ಬಿಸಿಲಿಗೆ ಹಿಡಿದಾಗ, ದೋನ್ಯಾ ಸೊಲೆದಾದ್ ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡರು. ಕಂಬಳಿಯೊಳಗೆ ನನ್ನ ಕಣ್ಣೂ ತುಂಬಿತು, ಸುಳ್ಳು ಹೇಳುವುದಿಲ್ಲ.

ಕತ್ತಿ ಹಿಡಿದು ಬಂದವಳು ಮಾಂಸದಂಗಡಿಯವರ ಮಗಳು ನಿಯೆವೆಸ್, ಆ ವರ್ಷದ ಸಂತ ಮಿಗೆಲ್. ಮೊದಲೇ ಪುಕ್ಕಲು ಸ್ವಭಾವ. ಎದುರಿಗೆ ನಿಂತ ಆ ಭವ್ಯ ದುಃಖವನ್ನು ಕಂಡು ಅವಳ ಬಾಯಿ ಕಟ್ಟಿಹೋಯಿತು. ಕತ್ತಿ ಎತ್ತಿದಳು, ಮಾತು ಬರಲಿಲ್ಲ. ಮುಂದಿನ ಸಾಲಿನಲ್ಲಿ ಅವಳ ಭಾವೀ ಅತ್ತೆ ಕುಳಿತಿದ್ದರು. ಜನ ಗುಸುಗುಸು ಎಂದರು. ಹಿಂದಿನಿಂದ ಫಿಲೆಮೊನ್, "ಸೈತಾನ ಗೆದ್ದ ಕಣ್ರೋ!" ಎಂದು ಕೂಗಿದ. ನಗೆ ಎದ್ದಿತು. ಹುಡುಗಿಯ ಕೆನ್ನೆಯ ಮೇಲೆ ನೀರು ಇಳಿಯತೊಡಗಿತು.

ದೋನ್ ಎವಾರಿಸ್ತೊ ಅವಳನ್ನು ನೋಡಿದರು. ಗೆದ್ದವನ ಠೀವಿ ಅವರ ಮುಖದಿಂದ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆ ಹುಡುಗಿಯ ಬಾಯನ್ನು ಕಟ್ಟಿದ್ದು ತನ್ನ ಆಟವೇ ಎಂದು ಅವರಿಗೆ ತಿಳಿಯಿತು. ಮಾತಿಲ್ಲದೆ ಬಿದ್ದಿದ್ದರೆ ಅವಳ ಸೋಲನ್ನು ಊರು ಎಂದಿಗೂ ಮರೆಯುತ್ತಿರಲಿಲ್ಲ. ಅವರು ಎಡಗಾಲೆಳೆದು ಒಂದು ಹೆಜ್ಜೆ ಮುಂದೆ ಬಂದು, ಅವಳ ಕಿವಿಯ ಬಳಿ ಬಾಗಿ, ಬಾಳಿನಲ್ಲೇ ಮೊದಲ ಬಾರಿಗೆ ಪಿಸುಗುಟ್ಟಲು ಪ್ರಯತ್ನಿಸಿದರು.

"ದೇವರಿಗೆ ಸಮ ಯಾರು?"

ಗಂಟೆಗೋಪುರದ ಪಾರಿವಾಳಗಳು ಎದ್ದು ಹಾರಿದವು. ಸೈತಾನನ ಬಾಯಿಂದ ಆ ಮಾತು ಇಡೀ ಊರಿಗೆ ಕೇಳಿಸಿತ್ತು. ಒಂದು ಕ್ಷಣ ಅವರೂ ಬೆಚ್ಚಿ ನಿಂತರು. ಮರುಕ್ಷಣ ತತ್ತರಿಸದೆ, ವಾಲದೆ, ಇದ್ದಕ್ಕಿದ್ದಂತೆ ಅವಳ ಕಾಲ ಬಳಿ ಅಂಗಾತ ಬಿದ್ದರು. ನಿಯೆವೆಸ್ ಮೆಲ್ಲಗೆ ಅವರ ಎದೆಯ ಮೇಲೆ ಪಾದವಿಟ್ಟಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಫಿಲೆಮೊನ್ ಶಿಲುಬೆಯ ಗುರುತು ಮಾಡಿಕೊಂಡ.

ಹೊಸ್ತಿಲಲ್ಲಿ ನಿಲುವಂಗಿ ಕಳಚಿ ಅವರು ಪಾಪನಿವೇದನೆಗೆ ಮೊಣಕಾಲೂರಿದರು. ಕೊನೆಯ ಬೆಂಚಿನ ಹೆಂಗಸರು ಕಿವಿ ನಿಮಿರಿಸಿದರು. ದೋನ್ಯಾ ಸೊಲೆದಾದ್ ಆ ದಿನ ಮನೆಗೆ ಹೋಗಿರಲಿಲ್ಲ. ಅಂದು ಮಾತ್ರ ಯಾರಿಗೂ ಒಂದಕ್ಷರವೂ ಕೇಳಿಸಲಿಲ್ಲ. ಹೊರಬಂದ ದೋನ್ ಎವಾರಿಸ್ತೊ ಮೊದಲ ಮುತ್ತಿಗೆ ನಿಯೆವೆಸಳನ್ನು ಮುಂದೆ ಬಿಟ್ಟು, ಸಾಲಿನ ಕೊನೆಯಲ್ಲಿ, ನನ್ನ ಹಿಂದೆ ನಿಂತರು.

ಆಮೇಲೆ ಹಬ್ಬದ ಜೋಳದ ಕಡುಬು ತಮಾಲೆ ತಿನ್ನುವಾಗ ಪಾದ್ರಿಗಳು ಅವರ ಹೆಗಲು ಮುಟ್ಟಿ, "ಮುಂದಿನ ವರ್ಷವೂ ನೀವೇ ಮಾಡಬೇಕು" ಎಂದರು.

"ಆಗಲ್ಲ ಸ್ವಾಮಿ" ಎಂದರು ದೋನ್ ಎವಾರಿಸ್ತೊ. "ಆ ಮಾತು ಹೇಳಿಬಿಟ್ಟೆನಲ್ಲ."

ಈಗ ಫಿಲೆಮೊನ್ ಕಾಗದದ ಕೊಂಬು ಕಟ್ಟಿ ಲಾಗ ಹಾಕುತ್ತಾನೆ, ಜನ ಬಿದ್ದುಬಿದ್ದು ನಗುತ್ತಾರೆ, ಯಾರಿಗೂ ಸೈತಾನನ ಭಯವಿಲ್ಲ. ಆದರೆ ನಾವು ದೂತರಾಗಿ, ಕುರುಬರಾಗಿ ಹಾಯಾಗಿರಲೆಂದು ಊರಿನ ಕೇಡನ್ನೆಲ್ಲ ಹೆಗಲ ಮೇಲೆ ಹೊತ್ತು ನಿಲ್ಲುವ ಇಂಥವರು ಎಲ್ಲ ಊರುಗಳಲ್ಲೂ ಒಬ್ಬರಿರುತ್ತಾರೆ. ಅಹಂಕಾರ ಎಷ್ಟು ಸುಂದರವೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅದನ್ನು ಅವರು ಅಷ್ಟು ಕಾಲ ತೊಟ್ಟು ತಿರುಗಿದ್ದಾರೆ. ಆದ್ದರಿಂದಲೇ ಅದನ್ನು ಕಳಚುವಾಗ ಅವರು ಕಳೆದುಕೊಳ್ಳುವುದೂ ನಮಗಿಂತ ಹೆಚ್ಚು. ಆ ಚೆಂದದ ದೂತ ಸೃಷ್ಟಿಯ ಆರಂಭದಿಂದ ಹೇಳಲಾರದೆ ಉಳಿದ ಒಂದು ಮಾತನ್ನು, ಅಳುವ ಹುಡುಗಿಯೊಬ್ಬಳಿಗಾಗಿ, ಮೇಣದ ಬತ್ತಿ ಮಾಡುವ ಒಬ್ಬ ಮುದುಕ ಹೇಳಿ ಬಿದ್ದ.