ಯಶೋದಾಳ ಪುಸ್ತಕಕ್ಕೆ ಬೆನ್ನುಡಿ

ಯಶೋದಾಳ ಕಥಾಸಂಕಲನಕ್ಕೆ ಬೆನ್ನುಡಿ ಬೇಕೆಂದು ಪ್ರಕಾಶಕ ಹರಿಶ್ಚಂದ್ರ ಉಮೇಶನಿಗೆ ಫೋನ್ ಮಾಡಿದ. ಇದೇ ಹರಿಶ್ಚಂದ್ರ ಮೂರು ತಿಂಗಳ ಹಿಂದೆ ಅವನ ಕಾದಂಬರಿಯನ್ನು ವಾಪಸ್ ಕಳಿಸಿದ್ದ. ಕಾರವಾರದಲ್ಲಿ ಕಾಲೇಜು ಓದುವಾಗ ಯಶೋದಾಳ ಕೈಗೆ ಒಳ್ಳೆಯ ಪುಸ್ತಕಗಳನ್ನು ಇಟ್ಟವನೇ ಉಮೇಶ. ಈಗ ಅವಳು ಲೇಖಕಿ, ಅವನು ಅಂಕೋಲೆಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ.

"ಆತು, ಬರ್ದು ಕೊಡ್ತೆ" ಎಂದ.

ಬರೆದ. ಒಂದೇ ಒಂದು ಕೆಟ್ಟ ಮಾತಿಲ್ಲ. ಮಣ್ಣಿನ ವಾಸನೆ, ಮಾನವೀಯ ಅಂತಃಕರಣ, ಭರವಸೆಯ ದನಿ. ಹಾಸ್ಟೆಲ್ ಲೈಬ್ರರಿಯಲ್ಲಿ ಐದು ವರ್ಷ ಕೂತವನಿಗೆ ಚೆನ್ನಾಗಿ ಗೊತ್ತಿತ್ತು: ಇಂಥ ಬೆನ್ನುಡಿಯ ಪುಸ್ತಕವನ್ನು ಜನ ತಿರುಗಿಸಿ ನೋಡಿ ಅಲ್ಲೇ ಇಡುತ್ತಾರೆ. ಹೊಗಳಿಯೇ ಪುಸ್ತಕವನ್ನು ಮುಗಿಸಬಹುದು, ಯಾರೂ ಬೆರಳು ತೋರಿಸುವುದಿಲ್ಲ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ, ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಕಾರವಾರದ ಕೋಡಿಬಾಗದಲ್ಲಿದ್ದ ಹರಿಶ್ಚಂದ್ರನ ಪ್ರೆಸ್ಸಿಗೆ ಹೋದ.

ಹರಿಶ್ಚಂದ್ರ ಓದಿ, ಹಾಳೆಯನ್ನು ಮೇಜಿನ ಮೇಲೆ ಮಗುಚಿ ಹಾಕಿದ. "ತಮಾ, ಇದ್ನ ಪಂಚಾಂಗದ ಹಿಂದೂ ಹಾಕೂಕೆ ಬತ್ತದೆ."

ಮಷಿನ್ ನಡೆಸುತ್ತಿದ್ದ ಸತೀಶ ನಕ್ಕ.

"ಬೆನ್ನುಡಿ ಅಂದ್ರೆ ಹೀಂಗೇ ಇರೂದಲ್ವಾ, ಹರಿಶ್ಚಂದ್ರಣ್ಣ?" ಎಂದ ಉಮೇಶ.

"ಹೌದು. ಅದ್ಕೇ ನನ್ನ ಗೋಡೌನ್ ತುಂಬಿಕಂಡದೆ. ಬರೆಯೂದು ಬಿಡು. ಅವಳ ಮಲ್ಲಾಪುರದ ಕತೆ ಉಂಟಲ್ಲ, ಸತೀಶ ಓದ್ಲಿಲ್ಲ. ಅವಂಗೆ ಬಾಯಲ್ಲಿ ಹೇಳು ನೋಡ್ವ."

ಉಮೇಶ ಬೇಸರದಿಂದಲೇ ಶುರುಮಾಡಿದ. "ತಿಮ್ಮಿ ಅಂತ ಒಬ್ಳು. ಕ್ವಾರ್ಟರ್ಸಲ್ಲಿ ಮನೆಮನೆಗೆ ಅಬ್ಬಲಿಗೆ ಹೂವಿನ ದಂಡೆ ಕೊಡ್ತಾಳೆ, ಒಂದ್ ಮನೆಗೆ ಬೀಗ ಬಿದ್ದು ಮೂರು ತಿಂಗ್ಳಾದ್ರೂ ಆ ಬಾಗ್ಲ ಚಿಲಕಕ್ಕೆ ದಿನಾ ಒಂದ್ ದಂಡೆ ಸಿಕ್ಕಿಸ್ತಾಳೆ. ಮಾರನೇ ದಿನ ಹೋದ್ರೆ ಹಳೇ ದಂಡೆ ಇರೂದಿಲ್ಲ. ಬೀಗ ಮಾತ್ರ ಹಾಂಗೇ ಉಂಟು. ಒಂದಿನ ತಿಮ್ಮಿ ಮನೆಗೆ ಹೋಗ್ದೆ ಎದುರಿನ ಮೆಟ್ಲ ಮೇಲೆ ಕೂತು ಕಾದ್ಳು. ಮಧ್ಯಾಹ್ನ ಯಾರೋ ಹತ್ತಿ ಬಂದ್ರು. ಕೈಲಿ ಕೀ ಇತ್ತು."

ಅಲ್ಲಿಗೆ ನಿಲ್ಲಿಸಿದ. ಮುಂದಿನದನ್ನು ಯಶೋದಾ ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ, ಅದನ್ನು ತನ್ನ ಬಾಯಿಂದ ಆಡಲು ಅವನಿಗೆ ಮನಸ್ಸಾಗಲಿಲ್ಲ.

ಸತೀಶ ಮಷಿನ್ ಆಫ್ ಮಾಡಿದ. "ಯಾರದು?"

"ಪುಸ್ತಕ ಬಂದ್ಮೇಲೆ ಓದು."

"ಹೇಳಾ ಮಾರಾಯಾ!"

ಹರಿಶ್ಚಂದ್ರ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ. "ಸಾಕು. ಇದೇ ಬೆನ್ನುಡಿ. ಹೆಸ್ರು ನಿಂದು ಹಾಕ್ಲಾ?"

ಸತ್ತ ಬೆನ್ನುಡಿಗೆ ಹೆಸರು ಕೊಡಲು ಉಮೇಶನಿಗೆ ಅಡ್ಡಿಯಿರಲಿಲ್ಲ. ಇದಕ್ಕೆ ಕೊಟ್ಟರೆ, ಅವಳ ಪುಸ್ತಕ ಓಡಲೆಂದು ತಾನೇ ಹಿಂದಿನಿಂದ ನೂಕಿದ್ದು ಊರಿಗೆಲ್ಲ ಕಾಣುತ್ತದೆ.

"ಬೇಡ. ನಾನೇ ಅಂತ ಅವ್ಳಿಗೂ ಹೇಳೂದು ಬೇಡ."

ಪುಸ್ತಕ ಹೊರಬಂದ ಎರಡೇ ತಿಂಗಳಿಗೆ ಮರುಮುದ್ರಣಕ್ಕೆ ಹೋಯಿತು. ಯಶೋದಾ ಫೋನ್ ಮಾಡಿದಳು.

"ಉಮೇಶಾ, ಹಿಂದಿನ ಪುಟ ಓದಿದ್ಯಾ? ಸಿಕ್ಕವರೆಲ್ಲ ಅದ್ನೇ ಹೊಗಳೂದು. ಹೆಸ್ರಿಲ್ಲ ಅಲ್ವಾ, ನಾನೇ ಬರ್ದದ್ದು ಅಂತ ತಿಳ್ಕಂಡಾರೆ."

"ನಂದಲ್ಲ ಅಂತ ಹೇಳೂಕೆ ಏನಾಗಿತ್ತು ನಿಂಗೆ?" ದನಿ ಅವನೆಣಿಸಿದ್ದಕ್ಕಿಂತ ಜೋರಾಯಿತು.

"ಹೇಳ್ದೆ. ಎಷ್ಟು ವಿನಯ ಇವಳಿಗೆ ಅಂದ್ರು." ಅವಳು ನಕ್ಕಳು. "ಹರಿಶ್ಚಂದ್ರಣ್ಣ ಅಂತೂ ಬಾಯೇ ಬಿಡೂದಿಲ್ಲ. ನಿಂಗೆ ಹೆಂಗನಿಸ್ತು ಅದು?"

ನಾನೇ ಬರೆದದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವಳು ಥ್ಯಾಂಕ್ಸ್ ಅನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ.

"ಅಡ್ಡಿಲ್ಲ" ಎಂದ ಉಮೇಶ. "ಎರಡನೇ ವಾಕ್ಯ ಸ್ವಲ್ಪ ಉದ್ದಾಯ್ತು."