ಮೊರದ ಮೂರು ಅರ್ಥ

ತಮಿಳುನಾಡಿನ ಕಂಬೈನಲ್ಲೂರಿನ ಬಸ್ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟಿದ್ದ ವೇಣುವಿಗೆ ಎಲ್ಲವೂ ಗೊತ್ತಿತ್ತು, 'ಗೊತ್ತಿಲ್ಲ' ಎನ್ನುವುದೊಂದನ್ನು ಬಿಟ್ಟು. ಅವ್ವ ಫೋನ್ ಮಾಡಿದರೂ ಗಿರಾಕಿಗಳ ಮುಂದೆ ತಮಿಳಿನಲ್ಲೇ ಮಾತಾಡುವ ಮಹಾಶಯ. ಮೈಸೂರು ಕಡೆಯ ಚಂದ್ರಿಕಾ ಮೇಡಂ ಈ ಸೀಮೆಯ ಮನೆಮಾತಿನ ಕನ್ನಡ ಹುಡುಕಿಕೊಂಡು ಬಂದದ್ದೇ ತಡ, ನಿಂತ ನಿಲುವಿನಲ್ಲೇ ಪಂಡಿತನಾಗಿಬಿಟ್ಟ.

ಆಕೆ ಮಾಡುತ್ತಿದ್ದ ಪುಸ್ತಕಕ್ಕೆ ಬೇಕಾಗಿದ್ದುದು ಅರವತ್ತು ದಾಟಿದವರ ಮಾತು. ದಿನಬಳಕೆಯ ಒಂದು ಪದ, ಅದಕ್ಕೆ ಊರಿನವರು ಕೊಡುವ ಅಡ್ಡ ಅರ್ಥ, ಜೊತೆಗೊಂದು ಉದಾಹರಣೆ. 'ಮೊರ' ವೇಣುವಿನ ಪಾಲಿಗೆ ಬಂತು.

"ನಮ್ಮವ್ವನ್ನ ಕೇಳಿ ವಾಟ್ಸಾಪ್ ಮಾಡ್ತೀನಿ ಮೇಡಂ," ಎಂದ.

ಅವ್ವ ಕಾಳಿಯಮ್ಮ ಎಲ್ಲಿಗೂ ಹೋಗಿರಲಿಲ್ಲ. ಹಿತ್ತಲಲ್ಲಿ ಮೊರ ಹಿಡಿದೇ ಕೂತಿದ್ದಳು. ಬಿತ್ತನೆಯ ರಾಗಿ ಕೇರುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಬೀದಿಯವರ ಬೀಜವೆಲ್ಲ ಅವಳ ಕೈ ದಾಟಿಯೇ ಹೊಲಕ್ಕೆ ಹೋಗಬೇಕು. ಎದುರುಮನೆಯ ಮಂಜುಳಮ್ಮನಂತೂ ಬೇರೆಯವರಿಗೆ ಬೀಜ ಮುಟ್ಟಲೂ ಕೊಡುತ್ತಿರಲಿಲ್ಲ. ಆದರೆ ಎದ್ದು ಹಿತ್ತಲಿಗೆ ಹೋಗಿ ಕೇಳಲು ಪಂಡಿತರ ಮೈ ಬಗ್ಗಬೇಕಲ್ಲ! ಜಗಲಿಯ ಮೇಲೆ ಕಾಲು ಚಾಚಿಕೊಂಡು ಅರ್ಧ ಗಂಟೆಯಲ್ಲಿ ಮೂರು ಅರ್ಥ ಹೆತ್ತ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಹೇಳಿದವರು ಯಾರು ಎಂಬಲ್ಲಿ ಅವ್ವನ ಹೆಸರು, ವಯಸ್ಸು, ಒಂದು ಫೋಟೋ ಸೇರಿಸಿ ಕಳಿಸಿದ.

ಮರುವರ್ಷ ಬಿತ್ತನೆಗೆ ಮೊದಲು ಪುಸ್ತಕ ಅಂಚೆಯಲ್ಲಿ ಬಂತು, ಕನ್ನಡ ಲಿಪಿಯಲ್ಲಿ. ವೇಣು ಓದಿದ್ದು ತಮಿಳು ಸ್ಕೂಲಿನಲ್ಲಿ, ಬೀದಿಯವರೆಲ್ಲರೂ ಹಾಗೆಯೇ. ಹುಟ್ಟಿದಾಗಿನಿಂದ ಆಡಿದ ಮಾತು ಅಚ್ಚಾಗಿ ಎದುರಿಗೆ ಬಂದರೆ ಒಬ್ಬರಿಗೂ ಗುರುತು ಸಿಗದು. ಪುಸ್ತಕವನ್ನು ಅವ್ವನ ಫೋಟೋ ಇರುವ ಪುಟಕ್ಕೆ ತೆರೆದು, ಪ್ಲಾಸ್ಟಿಕ್ ಹೊದಿಸಿ, ಅಂಗಡಿಯಲ್ಲಿ ತೂಗುಹಾಕಿದ. ಕಾಳಿಯಮ್ಮ ದಿನಕ್ಕೊಂದು ಸಲ ಹೋಗಿ ಸೆರಗಿನಿಂದ ಅದರ ಧೂಳು ಒರೆಸಿ ಬರುತ್ತಿದ್ದಳು.

ಮಂಜುಳಮ್ಮನ ಮೊಮ್ಮಗಳ ಕಿವಿ ಚುಚ್ಚುವ ದಿನ ಕೊಳ್ಳೇಗಾಲದಿಂದ ನೆಂಟ ಮಹದೇವ ಬಂದ. ಕನ್ನಡ ಸ್ಕೂಲಿನಲ್ಲಿ ಓದಿದವನು. ಮಂಜುಳಮ್ಮ ತಾನೇ ವೇಣುವಿನ ಅಂಗಡಿಯಿಂದ ಪುಸ್ತಕ ತರಿಸಿ ಅವನ ಕೈಗಿಟ್ಟಳು.

"ನಮ್ಮ ಕಾಳಿಯಕ್ಕ ಬುಕ್ಕಾಗೆ ಬಂದವ್ಳೆ. ಜೋರಾಗಿ ಓದಪ್ಪಾ, ಎಲ್ರೂ ಕೇಳ್ಲಿ."

ವೇಣು ಪುಸ್ತಕ ಕಸಿದುಕೊಳ್ಳಲು ಕೈ ಚಾಚಿದ. ಮಹದೇವ ಆಗಲೇ ಗಂಟಲು ಸರಿಮಾಡಿಕೊಂಡಿದ್ದ.

"ಮೊರ. ಒಂದು: ಊರ ಸುದ್ದಿಯನ್ನೆಲ್ಲ ಕೇರಿ ಜೊಳ್ಳನ್ನು ಮಾತ್ರ ಉಳಿಸಿಕೊಳ್ಳುವ ಹೆಂಗಸು. ಉದಾಹರಣೆ: ಎದುರುಮನೆ ಮಂಜುಳಮ್ಮ ಒಳ್ಳೇ ಮೊರ. ಎರಡು: ಕೆಲಸವಿದ್ದಾಗ ಮಾತ್ರ ಗೋಡೆಯಿಂದ ಇಳಿಸುವ ಮನೆಯಳಿಯ. ಉದಾಹರಣೆ: ಪುಟ್ಟಪ್ಪ ಅತ್ತೆಮನೆ ಮೊರ."

ಮಂಜುಳಮ್ಮನ ಅಳಿಯ ಪುಟ್ಟಪ್ಪ ಪಾಯಸದ ಲೋಟ ಕೆಳಗಿಟ್ಟ. ತಾನು ಓದುತ್ತಿರುವುದು ಯಾರ ಬಗ್ಗೆ ಎಂದು ಮಹದೇವನಿಗೆ ಆಗ ಹೊಳೆಯಿತು. ಮೂರನೆಯದನ್ನು ಓದುವ ಧೈರ್ಯ ಅವನಿಗಾಗಲಿಲ್ಲ. ಕೆಳಗಿನ ಸಾಲನ್ನು ಮಾತ್ರ ಸಣ್ಣ ದನಿಯಲ್ಲಿ ಓದಿದ. "ಹೇಳಿದವರು: ಕಾಳಿಯಮ್ಮ, ಅರವತ್ತೆಂಟು ವರ್ಷ."

"ಅಕ್ಕಾ, ನಲವತ್ತು ವರ್ಸ ನನ್ನ ಬೀಜ ಕೇರ್ಕೊಟ್ಟು, ಮನಸ್ನಾಗೆ ಇದಾ ಇಕ್ಕೊಂಡಿದ್ದು?" ಮಂಜುಳಮ್ಮ ಕೇಳಿದಳು.

ಕಾಳಿಯಮ್ಮ ಮಗನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ನಾನಲ್ಲ ಎಂದರೆ ಅವನ ಮಾನ ಹೋಗುತ್ತದೆ, ಸುಮ್ಮನಿದ್ದರೆ ತನ್ನದು. ಹೆತ್ತ ಕರುಳು ಎಲ್ಲವನ್ನೂ ನುಂಗಿಕೊಳ್ಳುತ್ತದೆ ಎನ್ನುತ್ತಾರಲ್ಲ, ಕಾಳಿಯಮ್ಮನ ಕರುಳು ಇದನ್ನು ನುಂಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ.

"ನಾನ್ ಏಳಿಲ್ಲ ಮಂಜುಳಾ. ಇವ್ನು ನನ್ನ ಒಂದ್ ಮಾತೂ ಕೇಳಿಲ್ಲ."

ಅಚ್ಚಿನಲ್ಲಿ ಫೋಟೋ ಸಮೇತ ಬಂದದ್ದನ್ನು ಬಿಟ್ಟು ಬಾಯಿಮಾತನ್ನು ಯಾರು ನಂಬುತ್ತಾರೆ? ಆ ವರ್ಷ ಮಂಜುಳಮ್ಮನ ಮನೆಗೆ ಬೀಜದ ರಾಗಿ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬಂತು. ಬೀದಿಯ ಉಳಿದವರೂ ಹಾಗೇ ಮಾಡಿದರು. ಕಾಳಿಯಮ್ಮ ಹಿತ್ತಲಲ್ಲಿ ಖಾಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು.

ಬಿತ್ತನೆ ಮುಗಿದ ಮೇಲೆ ಚಂದ್ರಿಕಾ ಫೋನ್ ಮಾಡಿದರು. ಪುಸ್ತಕವನ್ನು ಎಲ್ಲರೂ ಮೆಚ್ಚಿದ್ದಾರೆ, ಎರಡನೆಯ ಭಾಗಕ್ಕೆ 'ಒನಕೆ' ಬೇಕು, ಈ ಸಲ ಅಮ್ಮನ ದನಿಯಲ್ಲೇ ರೆಕಾರ್ಡ್ ಆಗಬೇಕು ಎಂದರು. ವೇಣು ಕೊನೆಗೂ ಹಿತ್ತಲಿಗೆ ಹೋದ. ರೆಕಾರ್ಡಿಂಗ್ ಒತ್ತಿ, ಫೋನನ್ನು ಅವ್ವನ ಬಾಯಿಯ ಹತ್ತಿರ ಹಿಡಿದ.

"ಅವ್ವಾ, ಒನಕೆ ಅಂದ್ರೆ ನಮ್ಮೋರು ಏನೇನ್ ಅಂತಾರೆ, ಏಳವ್ವಾ."

ಕಾಳಿಯಮ್ಮ ಖಾಲಿ ಮೊರವನ್ನು ಒಂದು ಸಲ ಕೊಡವಿದಳು.

"ನಾನ್ ಏನ್ ಏಳ್ತೀನಿ ಅಂತ ನಂಗಿಂತ ನಿಂಗೇ ಚೆನ್ನಾಗಿ ಗೊತ್ತಲ್ಲಪ್ಪಾ. ನೀನೇ ಏಳ್ಕೋ."